ದಿನಚರಿಯಲ್ಲಿದ್ದುದಷ್ಟೇ ಉಳಿದೀತು

ನವೆಂಬರ್ ತಿಂಗಳು ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳಿಗೆಲ್ಲ ಜೀವ ಬರುತ್ತದೆ. ಸಭಾಂಗಣ ಗೊತ್ತುಮಾಡುವುದು, ಅತಿಥಿಗಳನ್ನು ಒಪ್ಪಿಸುವುದು, ಮಕ್ಕಳಿಗೆ ನಾಡಗೀತೆಯನ್ನು ಬಾಯಿಪಾಠ ಮಾಡಿಸುವುದು, ಹೋಳಿಗೆ ಊಟಕ್ಕೆ ಅಡಿಗೆಯವರನ್ನು ಹುಡುಕುವುದು, ಇವುಗಳಲ್ಲಿ ಒಂದು ತಿಂಗಳು ಕಳೆದುಹೋಗುತ್ತದೆ. ಉತ್ಸವ ಮುಗಿದ ಮರುದಿನದಿಂದ ಮುಂದಿನ ನವೆಂಬರಿನವರೆಗೆ ಕನ್ನಡವು ನಮ್ಮ ಮನೆಗಳಲ್ಲಿ ಎಲ್ಲಿರುತ್ತದೆ ಎಂದು ಕೇಳಿಕೊಳ್ಳುವ ವ್ಯವಧಾನ ಮಾತ್ರ ನಮಗಿರುವುದಿಲ್ಲ. ಆರೋಗ್ಯದ ವಿಷಯದಲ್ಲಿಯೂ ನಮ್ಮ ನಡವಳಿಕೆ ಇದಕ್ಕಿಂತ ಬೇರೆಯಾಗಿಲ್ಲ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಜನವರಿಯ ಮೊದಲ ವಾರದಲ್ಲಿ ಬೆಳಗಿನ ನಡಿಗೆಯ ಸಂಕಲ್ಪ, ಸಂಕ್ರಾಂತಿಯ ಹೊತ್ತಿಗೆ ಆ ಸಂಕಲ್ಪದ ಸಮಾಪ್ತಿ. ಓದಿನ ಕಥೆಯೂ ಅಷ್ಟೆ. ಸಾಹಿತ್ಯ ಸಮ್ಮೇಳನಕ್ಕೆ ಹೋದಾಗ ಕೊಂಡು ತಂದ ಪುಸ್ತಕಗಳು ಗಾಜಿನ ಕಪಾಟಿನೊಳಗೆ ಮರ್ಯಾದೆಯಿಂದ ಕುಳಿತಿವೆ.

ದೇಹ, ಭಾಷೆ, ಓದು ಈ ಮೂರೂ ಉತ್ಸವದಿಂದ ಬದುಕುವಂಥವಲ್ಲ. ದಿನಕ್ಕಿಷ್ಟು ಎಂಬ ಅಳತೆಯಲ್ಲಿ, ಯಾರೂ ಚಪ್ಪಾಳೆ ತಟ್ಟದ ಹೊತ್ತಿನಲ್ಲಿ ಮಾಡಿದ ಕೆಲಸದಿಂದ ಮಾತ್ರ ಅವು ಉಳಿಯುತ್ತವೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅವು ಒಂದನ್ನೊಂದು ಹಿಡಿದುಕೊಂಡು ನಿಂತಿವೆ ಎಂಬುದಕ್ಕೆ ನಾನು ವಾಸಿಸುವ ಊರೇ ಸಾಕ್ಷಿ ಒದಗಿಸಿದೆ.

ನನ್ನ ಮನೆ ಇರುವ ಉಪ್ಪಲ್, ಹೈದರಾಬಾದಿನ ಪೂರ್ವ ಭಾಗದ ಬಡಾವಣೆ. ತಾರ್ನಾಕದಿಂದ ಹಬ್ಸಿಗೂಡದ ಮೂಲಕ ಇಲ್ಲಿಗೆ ಬರುವ ರಸ್ತೆಯ ಆಸುಪಾಸಿನಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ, ಭೂಭೌತ ಸಂಶೋಧನಾ ಸಂಸ್ಥೆ, ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರಗಳಿವೆ. ಉಪ್ಪಲಿನಲ್ಲಿಯೇ ಭಾರತೀಯ ಸರ್ವೇಕ್ಷಣ ಇಲಾಖೆಯ ತರಬೇತಿ ಸಂಸ್ಥೆ ಇದೆ. ಇಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಲವು ನನ್ನಂತೆಯೇ ಕೇಂದ್ರ ಸರಕಾರದ ನೌಕರಿಯನ್ನೋ ರೈಲ್ವೆಯನ್ನೋ ಬ್ಯಾಂಕನ್ನೋ ಹಿಡಿದು ಬಂದವು. ಹಾಗೆ ನೋಡಿದರೆ ಈ ನಗರ ನಮಗೆ ಪರದೇಶವೂ ಅಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಅಂದು ಗೆರೆ ಎಳೆದಾಗ ಆ ಜಿಲ್ಲೆಗಳು ಕರ್ನಾಟಕದ ಪಾಲಿಗೆ ಬಂದವು. ಕಲಬುರಗಿಯ ಕೊಡಂಗಲ್, ತಾಂಡೂರು ತಾಲೂಕುಗಳು, ರಾಯಚೂರಿನ ಗದ್ವಾಲ, ಆಲಂಪುರಗಳು ಈ ಕಡೆ ಉಳಿದವು. ಗೆರೆಯ ಎರಡೂ ಬದಿಯಲ್ಲಿ ಜನ ಉಣ್ಣುತ್ತಿದ್ದುದು ಮಾತ್ರ ಒಂದೇ ಊಟ: ಜೋಳದ ರೊಟ್ಟಿ, ಬೇಳೆ, ಸೊಪ್ಪು. ನಮ್ಮ ಪುಂಡಿಪಲ್ಯವೇ ಇಲ್ಲಿಯವರ ಗೋಂಗೂರ.

ಆ ಊಟ ನಮ್ಮ ತಟ್ಟೆಯಿಂದ ಹೇಗೆ ಸರಿಯಿತು ಎಂಬುದು ಸಾಂಸ್ಕೃತಿಕ ಬದಲಾವಣೆಯ ಒಂದು ಪಾಠ. ಬಿಳಿ ಅನ್ನ ಹಬ್ಬದ ಊಟವಾಗಿದ್ದ ಕಾಲವನ್ನು ನನ್ನ ವಯಸ್ಸಿನವರು ಬಲ್ಲರು. 1983ರಲ್ಲಿ ಆಂಧ್ರಪ್ರದೇಶದಲ್ಲಿ ಎನ್.ಟಿ. ರಾಮರಾಯರ ಸರಕಾರ ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಡುವ ಯೋಜನೆಯನ್ನು ತಂದಿತು. 2013ರಲ್ಲಿ ಕರ್ನಾಟಕದಲ್ಲಿ ‘ಅನ್ನಭಾಗ್ಯ’ ಬಂದಿತು. ಹಸಿದವನ ಹೊಟ್ಟೆಗೆ ಅನ್ನ ಬಿದ್ದುದು ಸಣ್ಣ ಮಾತಲ್ಲ. ಆ ಯೋಜನೆಗಳನ್ನು ಹೊಟ್ಟೆ ತುಂಬಿದವರು ಹಳಿಯುವುದು ಸಲ್ಲದು. ಆದರೆ ಸಂಬಳದ ನೌಕರಿ ಇದ್ದ ನಮ್ಮಂಥವರು ರೊಟ್ಟಿಯನ್ನು ಬಿಟ್ಟುದಕ್ಕೆ ಹಸಿವು ಕಾರಣವಲ್ಲ. ರೊಟ್ಟಿ ಹಳ್ಳಿಗನ ಊಟ, ಅನ್ನ ನಾಗರಿಕನ ಊಟ ಎಂಬ ಭಾವನೆ ನಮ್ಮೊಳಗೆ ಇಳಿದಿತ್ತು. ರೊಟ್ಟಿ ತಟ್ಟಲು ಹೊತ್ತು ಬೇಕು. ಅನ್ನಕ್ಕೆ ಕುಕ್ಕರ್ ಸಾಕು ಎಂಬುದೂ ಸೇರಿಕೊಂಡಿತು.

ಇಂದು ಉಪ್ಪಲಿನಿಂದ ನಾಗೋಲಿನ ಕಡೆಗೆ ಸಂಜೆಯ ಹೊತ್ತು ನಡೆದು ಹೋದರೆ ರಸ್ತೆಬದಿಯಲ್ಲಿ ಒಲೆ ಹೂಡಿಕೊಂಡು ‘ಜೊನ್ನ ರೊಟ್ಟೆ’ ಬಡಿಯುವ ಹೆಣ್ಣುಮಕ್ಕಳು ಕಾಣುತ್ತಾರೆ. ಕೊಳ್ಳುವವರು ಕಾರು ನಿಲ್ಲಿಸಿ ಇಳಿದು ಬರುವ ಮಂದಿ. ಬಹುಪಾಲು ಸಕ್ಕರೆ ಕಾಯಿಲೆಯವರು. ಒಮ್ಮೆ ಅಂಥ ಒಬ್ಬಾಕೆಯ ಬಳಿ ನಾನು ತೆಲುಗಿನಲ್ಲಿ ರೊಟ್ಟಿ ಕೇಳಿ, ಜೊತೆಗಿದ್ದ ಮನೆಯವರೊಡನೆ ಕನ್ನಡದಲ್ಲಿ ಮಾತನಾಡಿದೆ. ಆಕೆ ಕೈ ನಿಲ್ಲಿಸದೆ, “ನಿಮ್ದು ಯಾ ಊರ್ರಿ ಅಣ್ಣಾರ?” ಎಂದಳು. ಅವಳು ಕೊಡಂಗಲ್ ಸೀಮೆಯವಳು. ನಮ್ಮ ತಾಯಂದಿರು ಮನೆಯಲ್ಲಿ ಬಡಿಯುತ್ತಿದ್ದ ರೊಟ್ಟಿಯನ್ನು ನಾವು ವೈದ್ಯರ ಮಾತಿನ ಮೇಲೆ ಬೀದಿಯಲ್ಲಿ ಕೊಳ್ಳುತ್ತಿದ್ದೇವೆ. ನಮ್ಮ ಭಾಷೆಯೂ ಅಲ್ಲಿಯೇ, ಆ ಒಲೆಯ ಪಕ್ಕದಲ್ಲಿಯೇ, ಸಹಜವಾಗಿ ಕೇಳಿಸುತ್ತಿದೆ. ಇದು ವಿಪರ್ಯಾಸವೆನ್ನಿಸಿದರೂ ನನಗೆ ಇದರಲ್ಲಿ ಭರವಸೆಯೂ ಕಾಣುತ್ತದೆ. ಬಿಟ್ಟುಹೋದುದು ಮರಳಿ ಬರಬಲ್ಲುದು.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ಹಾಡುವುದು ಓದಿದವರಿಗೆ ತಕ್ಕುದಲ್ಲ. ನಮ್ಮ ನೆರೆಯ ಪೋಷಣ ಸಂಸ್ಥೆಯ ಚರಿತ್ರೆಯೇ ಈ ವಿವೇಕವನ್ನು ಕಲಿಸುತ್ತದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಸಣ್ಣ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರನ್ನು ಪಡೆಯಿತು. ತೌಡು ತೆಗೆದು ಹೊಳಪು ಕೊಟ್ಟ ಅಕ್ಕಿಯನ್ನೇ ನೆಚ್ಚಿದವರಿಗೆ ಬರುವ ರೋಗ ಬೆರಿಬೆರಿ. ಆದರೆ ಇದೇ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯನವರು 1960ರಲ್ಲಿ ಇನ್ನೊಂದು ಸತ್ಯವನ್ನು ಜಗತ್ತಿನ ಮುಂದಿಟ್ಟರು. ದಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನಂಬಿ ಬದುಕಿದ ಬಡವರಲ್ಲಿ ಚರ್ಮ ಬಿರಿಯುವ, ಮನಸ್ಸು ಕದಡುವ ಪೆಲಾಗ್ರ ರೋಗವಿತ್ತು. ಅಂದರೆ ಅಕ್ಕಿಯೊಂದೇ ಆದರೂ ಕೇಡು, ಜೋಳವೊಂದೇ ಆದರೂ ಕೇಡು. ರೊಟ್ಟಿಯ ಬಲವಿದ್ದುದು ಅದರ ಪಕ್ಕದ ಬೇಳೆ, ಸೊಪ್ಪು, ಮೊಸರು, ಶೇಂಗಾ ಹಿಂಡಿಗಳಲ್ಲಿ. ಮತ್ತು ಅದನ್ನುಂಡು ಹೊಲಕ್ಕೆ ನಡೆದ ಕಾಲುಗಳಲ್ಲಿ.

ಇತ್ತೀಚಿನ ಅಧ್ಯಯನಗಳೂ ಇದನ್ನೇ ಹೇಳುತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಂದಿ ಮಧುಮೇಹಿಗಳೆಂದೂ, 13 ಕೋಟಿ 60 ಲಕ್ಷ ಮಂದಿ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಾಯಿತು. ಅದೇ ಸಮೀಕ್ಷೆಯ ಆಹಾರದ ಭಾಗ 2025ರಲ್ಲಿ ಬಂದಿದೆ. ನಮ್ಮವರು ಪಡೆಯುವ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದ ಬರುತ್ತದೆ. ಬಿಳಿ ಅಕ್ಕಿಯ ಬದಲು ಅಷ್ಟೇ ಪ್ರಮಾಣದ ಗೋಧಿಯನ್ನೋ ಸಿರಿಧಾನ್ಯದ ಹಿಟ್ಟನ್ನೋ ಉಂಡ ಮಾತ್ರಕ್ಕೆ ಅಪಾಯ ತಗ್ಗುವುದಿಲ್ಲ. ಧಾನ್ಯದ ಒಟ್ಟು ಪಾಲು ಇಳಿದು ಬೇಳೆಕಾಳು, ಹಾಲುಮೊಸರುಗಳ ಪಾಲು ಏರಬೇಕು ಎಂಬುದು ಅದರ ಸಾರ. ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು ಎರಡು ಸಾವಿರ ಕ್ಯಾಲೊರಿಯ ದಿನದೂಟಕ್ಕೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ ಎಂದು ಲೆಕ್ಕ ಕೊಟ್ಟಿದೆ. ನಮ್ಮ ತಟ್ಟೆಯಲ್ಲಿ ಧಾನ್ಯ ತರಕಾರಿಗಿಂತ ಹೆಚ್ಚೋ ಕಡಿಮೆಯೋ ಎಂದು ಇಂದು ರಾತ್ರಿಯೇ ನೋಡಿಕೊಳ್ಳಬಹುದು. ಅದಕ್ಕೆ ತಕ್ಕಡಿಯೂ ಬೇಕಿಲ್ಲ.

ಊಟದಂತೆಯೇ ನಡಿಗೆ. ವಾರಕ್ಕೆ ಕನಿಷ್ಠ ನೂರೈವತ್ತು ನಿಮಿಷ ಚುರುಕಾದ ದೇಹಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನದ ಲೆಕ್ಕದಲ್ಲಿ ಇದು ಅರ್ಧ ಗಂಟೆಯೂ ಅಲ್ಲ. 2017ರಲ್ಲಿ ಮೆಟ್ರೋ ನಾಗೋಲಿನವರೆಗೆ ಬಂದ ಮೇಲೆ ನಿಲ್ದಾಣದವರೆಗಿನ ಹೆಜ್ಜೆಗಳು ನಮ್ಮಲ್ಲಿ ಕೆಲವರ ದಿನಚರಿಯೊಳಕ್ಕೆ ತಾವಾಗಿ ಸೇರಿಕೊಂಡಿವೆ. ನಾಗೋಲಿಗೂ ಉಪ್ಪಲಿಗೂ ಹತ್ತಿರದಲ್ಲೇ ಮೂಸಿ ನದಿ ಹರಿಯುತ್ತದೆ. ಅದರ ಹೆಸರು ಬಂದಾಗಲೆಲ್ಲ ನನಗೆ ಒಬ್ಬ ಕನ್ನಡಿಗರ ನೆನಪಾಗುತ್ತದೆ. 1908ರ ಸೆಪ್ಟೆಂಬರ್ 28ರ ಭೀಕರ ಪ್ರವಾಹದ ಮರುವರ್ಷ ಈ ನಗರಕ್ಕೆ ಬಂದು, ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಾಗಿ ಮೈದಾಳಿದ ಜಲಾಶಯಗಳ ಯೋಜನೆ ಕೊಟ್ಟವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮುಂಬಯಿ ಸರಕಾರದ ಸೇವೆಯಿಂದ ಹೊರಬಂದಿದ್ದ ಅವರಿಗೆ ಆಗ ಐವತ್ತರ ಹತ್ತಿರದ ವಯಸ್ಸು. ಮೈಸೂರಿನ ದೊಡ್ಡ ಕೆಲಸಗಳೆಲ್ಲ ಇನ್ನೂ ಮುಂದಿದ್ದವು. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದ ಬಳಿ ಗಂಗೆಗೆ ಸೇತುವೆ ಕಟ್ಟುವ ಬಗ್ಗೆ ವರದಿ ಬರೆದವರು ಅವರು. ನೂರು ದಾಟಿ ಬದುಕಿ 1962ರಲ್ಲಿ ತೀರಿಕೊಂಡರು. ಮಿತವಾದ ಊಟ, ತಪ್ಪದ ನಡಿಗೆ, ಗಡಿಯಾರಕ್ಕೆ ಕಟ್ಟಿದ ದಿನಚರಿ ಅವರದೆಂಬುದು ಎಲ್ಲರಿಗೂ ತಿಳಿದ ವಿಷಯ. ಎಲ್ಲರೂ ನೂರು ವರ್ಷ ಬದುಕಲಾರರು. ಅದು ದೇಹದ ಹುಟ್ಟಿಗೂ ದೈವಕ್ಕೂ ಬಿಟ್ಟದ್ದು. ಆದರೆ ನಿವೃತ್ತಿಯ ಆದೇಶಪತ್ರವನ್ನು ಕಲಿಕೆಯ ಕೊನೆಯ ಪುಟವೆಂದು ಭಾವಿಸದಿರುವುದು ಎಲ್ಲರ ಕೈಯಲ್ಲಿದೆ. ಐವತ್ತು ದಾಟಿದ ಸರಕಾರಿ ನೌಕರನಾಗಿ ಈ ಮಾತನ್ನು ನಾನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

ಈಗ ಭಾಷೆಯ ಮಾತು. ಮಾತನಾಡುವ ನುಡಿಗೂ ಆರೋಗ್ಯಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಈ ನಗರದ ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿದ್ದ ನರರೋಗತಜ್ಞೆ ಡಾ. ಸುವರ್ಣ ಅಲ್ಲಾಡಿ ಮತ್ತು ಅವರ ಸಂಗಡಿಗರು ಮರೆಗುಳಿ ರೋಗಕ್ಕೆ ತುತ್ತಾದ 648 ಮಂದಿಯನ್ನು ಪರೀಕ್ಷಿಸಿ 2013ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗದ ಲಕ್ಷಣಗಳು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿದ್ದವು. ಇದು ಶಾಲೆಯ ಪ್ರಭಾವವಿರಬಹುದೆಂದು ಅನುಮಾನಿಸುವವರಿಗೆ ಉತ್ತರವೂ ಅಲ್ಲಿಯೇ ಇತ್ತು: ಅಕ್ಷರ ಕಲಿಯದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತ್ತು.

ಇದನ್ನು ಓದಿದಾಗ ನನ್ನ ತಾಯಿ ಕಣ್ಣ ಮುಂದೆ ಬಂದರು. ಸೇಡಂ ಕಡೆಯವರಾದ ಅವರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಆದರೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪಕ್ಕದ ಮನೆಯ ಬೇಗಂ ಅವರೊಡನೆ ದಖನಿ, ಹೀಗೆ ಅವರ ನಾಲಗೆ ದಿನವೂ ಮೂರು ಬಾಗಿಲು ದಾಟುತ್ತಿತ್ತು. ಅದೇ ಸೇಡಂ ತಾಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕಲಿತು ಓದದವರೂ ಕಾವ್ಯದ ಜಾಣ್ಮೆಯುಳ್ಳವರು ಎಂದು ಕನ್ನಡ ಜನರನ್ನು ಕೊಂಡಾಡಿದೆ. ಅಕ್ಷರವಿಲ್ಲದವರ ಅರಿವನ್ನು ಅಷ್ಟು ಹಿಂದೆಯೇ ಗುರುತಿಸಿದ ನುಡಿ ನಮ್ಮದು. ಅಂಥ ಅರಿವಿಗೆ ಮಿದುಳಿನಲ್ಲಿಯೂ ಬೆಲೆಯಿದೆ ಎಂದು ಈಗ ವೈದ್ಯವಿಜ್ಞಾನ ಹೇಳುತ್ತಿದೆ.

ಇಲ್ಲಿಯೂ ಎಚ್ಚರ ಬೇಕು. ಆ ಅಧ್ಯಯನ ಒಂದು ಆಸ್ಪತ್ರೆಗೆ ಬಂದ ರೋಗಿಗಳನ್ನು ಕುರಿತದ್ದು. ಎರಡು ಭಾಷೆ ಬಲ್ಲವರಿಗೆ ರೋಗವೇ ಬಾರದೆಂದು ಅದು ಹೇಳಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳಲ್ಲಿಯೂ ಇದೇ ಫಲಿತಾಂಶ ಬಂದಿಲ್ಲ. ಎರಡರ ಮೇಲೆ ಮೂರು, ನಾಲ್ಕು ಭಾಷೆ ಬಂದರೆ ಲಾಭವೂ ಏರುತ್ತದೆಂಬುದು ಈ ಅಧ್ಯಯನದಲ್ಲಿಯೂ ಕಾಣಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಎರಡು ಭಾಷೆಗಳಲ್ಲಿ ಒಂದು ಕನ್ನಡವೇ ಆಗಬೇಕೆಂಬ ನಿಯಮವೇನೂ ಇಲ್ಲ. ತೆಲುಗು, ಇಂಗ್ಲಿಷು ಬಲ್ಲ ನಮ್ಮ ಮೊಮ್ಮಗನಿಗೂ ಅದೇ ಲಾಭ ದೊರೆತೀತು. ಆದ್ದರಿಂದ ‘ಕನ್ನಡ ಕಲಿಯಿರಿ, ಮರೆವು ಬಾರದು’ ಎಂದು ಸಂಘದ ಫಲಕದ ಮೇಲೆ ಬರೆಯುವುದು ಸುಳ್ಳಾಗುತ್ತದೆ. ಮನೆಯ ಮಾತನ್ನು ಉಳಿಸಿಕೊಳ್ಳಲು ವೈದ್ಯರ ಚೀಟಿ ಬೇಕಿಲ್ಲ. ಅಜ್ಜಿಯ ಮಾತು ಮೊಮ್ಮಗಳಿಗೆ ಅರ್ಥವಾಗಬೇಕು ಎಂಬ ಒಂದೇ ಕಾರಣ ಸಾಕು.

ಆದರೆ ಈ ಅಧ್ಯಯನ ಕಿತ್ತುಹಾಕುವ ಒಂದು ಭಯವಿದೆ. ಮನೆಯಲ್ಲಿ ಕನ್ನಡ ಆಡಿದರೆ ಮಗು ಗೊಂದಲಕ್ಕೀಡಾಗುತ್ತದೆ, ಶಾಲೆಯಲ್ಲಿ ಹಿಂದುಳಿಯುತ್ತದೆ ಎಂಬ ಭಯದಿಂದ ನಮ್ಮಲ್ಲಿ ಎಷ್ಟೋ ಮನೆಗಳು ಕನ್ನಡವನ್ನು ಅಡಿಗೆಮನೆಯಿಂದಲೂ ಹೊರಗಟ್ಟಿವೆ. ಹಲವು ಭಾಷೆ ಹೊರೆಯೆಂಬ ಆ ನಂಬಿಕೆಗೆ ಆಧಾರವಿಲ್ಲ. ಇನ್ನೊಂದು ಮಾತನ್ನು ಹಿರಿಯರಿಗೆ ಹೇಳಬೇಕು. ಮೂವತ್ತು ವರ್ಷ ಇಲ್ಲಿದ್ದೂ ತೆಲುಗು ಓದಲು ಬಾರದ ಕನ್ನಡಿಗರು ನಮ್ಮ ನಡುವೆ ಇದ್ದಾರೆ. ಅದನ್ನು ಅಭಿಮಾನವೆಂದು ಹೇಳಿಕೊಳ್ಳುವವರೂ ಇದ್ದಾರೆ. ಲಿಪಿಗಳು ಅಕ್ಕತಂಗಿಯರಂತಿದ್ದೂ ಬೀದಿಯ ಫಲಕ ಓದಲಾಗದಿರುವುದು ಅಭಿಮಾನ ಹೇಗಾದೀತು? ಸ್ಕಾಟ್ಲೆಂಡಿನಲ್ಲಿ 1947ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಬುದ್ಧಿಪರೀಕ್ಷೆಗೆ ಒಳಗಾಗಿದ್ದವರನ್ನು ಎಪ್ಪತ್ತು ದಾಟಿದ ಮೇಲೆ ಮತ್ತೆ ಪರೀಕ್ಷಿಸಿದಾಗ, ದೊಡ್ಡವರಾದ ಮೇಲೆ ಎರಡನೆಯ ಭಾಷೆ ಕಲಿತವರಲ್ಲಿಯೂ ಮನಸ್ಸಿನ ಚುರುಕು ನಿರೀಕ್ಷೆಗಿಂತ ಹೆಚ್ಚು ಉಳಿದಿದ್ದುದು ಕಂಡುಬಂದಿತು ಎಂದು 2014ರಲ್ಲಿ ವರದಿಯಾಗಿದೆ. ಕಲಿಯುವ ವಯಸ್ಸು ಮೀರಿತೆಂಬ ನೆಪ ಇನ್ನು ನಡೆಯದು.

ತೆಲುಗರಿಂದ ನಾವು ಕಲಿಯಬಹುದಾದ ಪಾಠವೂ ಒಂದಿದೆ. ಉರ್ದು ಆಡಳಿತ ಭಾಷೆಯಾಗಿದ್ದ ನಿಜಾಮರ ರಾಜಧಾನಿಯಲ್ಲಿ ಅವರು 1901ರಲ್ಲಿ ಕಟ್ಟಿದ ಮೊದಲ ಸಂಸ್ಥೆ ಒಂದು ಗ್ರಂಥಾಲಯ. ಸುಲ್ತಾನ್ ಬಜಾರಿನ ಆ ಗ್ರಂಥಾಲಯಕ್ಕೆ ಅವರು ಇಟ್ಟ ಹೆಸರು ಶ್ರೀಕೃಷ್ಣದೇವರಾಯ ಆಂಧ್ರಭಾಷಾ ನಿಲಯ. ವಿಜಯನಗರದ ಅರಸನ ಹೆಸರು! ಅಲ್ಲಿಂದ ಹೊರಟ ಓದಿನ ಚಳವಳಿ ತೆಲಂಗಾಣದ ಹಳ್ಳಿಗಳವರೆಗೆ ಹಬ್ಬಿತು. ನಮ್ಮ ಹಿರಿಯರೂ ಹಿಂದೆ ಬೀಳಲಿಲ್ಲ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳು ಅವರ ಶ್ರಮಕ್ಕೆ ಸಾಕ್ಷಿ. ಅವರು ನಿತ್ಯದ ಕೆಲಸಕ್ಕೆ ಬೇಕಾದುದನ್ನು ಕಟ್ಟಿದರು: ದಿನವೂ ಬಾಗಿಲು ತೆರೆಯುವ ಶಾಲೆ, ದಿನವೂ ಪುಸ್ತಕ ಸಿಗುವ ಕೋಣೆ. ನಾವು ವರ್ಷಕ್ಕೊಮ್ಮೆ ಎತ್ತಿ ಮಡಿಸಿಡುವ ಶಾಮಿಯಾನವನ್ನು ಕಟ್ಟುತ್ತಿದ್ದೇವೆ.

ಓದು ವಯಸ್ಸನ್ನು ತಡೆಯುವುದೇ ಎಂಬುದನ್ನು ನಾನರಿಯೆ. ವಯಸ್ಸಿಗೆ ಅರ್ಥ ಕೊಡುತ್ತದೆ ಎಂಬುದನ್ನು ಬಲ್ಲೆ. ಎ.ಎನ್. ಮೂರ್ತಿರಾಯರ ‘ದೇವರು’ 1991ರಲ್ಲಿ ಪ್ರಕಟವಾದಾಗ ಅವರಿಗೆ ತೊಂಬತ್ತು ದಾಟಿತ್ತು. ಬಾಳಿನುದ್ದಕ್ಕೂ ಕಾಡಿದ ಪ್ರಶ್ನೆಯನ್ನು ಆ ವಯಸ್ಸಿನಲ್ಲಿಯೂ ಅವರು ಕೈಬಿಡಲಿಲ್ಲ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ನೂರಏಳರ ವಯಸ್ಸಿನಲ್ಲಿ ತೀರಿಕೊಂಡರು. ಎಪ್ಪತ್ತೆಂಟರ ಸುಮಾರಿಗೆ ಅವರು ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿ, ಪತ್ರ ಬರೆದು ಕೇಳಿದ ಸಾಮಾನ್ಯ ಓದುಗರ ಪದಸಂದೇಹಗಳನ್ನು ವಾರವಾರವೂ ಬಿಡಿಸುತ್ತಿದ್ದರು. ದಿನಕ್ಕೊಂದು ಪದದ ಬೆನ್ನು ಹತ್ತುವುದೂ ಒಂದು ವ್ಯಾಯಾಮವೇ.

ಮಾತು ಸಾಕು, ಮಾಡಬಹುದಾದುದನ್ನು ಹೇಳುತ್ತೇನೆ. ಸಂಘಗಳು ವಾರಕ್ಕೊಂದು ಸಂಜೆ ಒಂದು ಗಂಟೆಯ ಓದಿನ ಕೂಟವನ್ನು ಯಾರಾದರೊಬ್ಬರ ಮನೆಯಲ್ಲಿ ನಡೆಸಲಿ. ಒಬ್ಬರು ಓದಲಿ, ಉಳಿದವರು ಕೇಳಲಿ. ಭಾಷಣ ಬೇಡ, ಹಾರ ಬೇಡ. ಕೂಟಕ್ಕೆ ಬರುವವರು ಸಾಧ್ಯವಾದಷ್ಟು ನಡೆದೇ ಬರಲಿ. ನಿವೃತ್ತರಾದವರು ಇಬ್ಬರು ಮೂವರು ಮಕ್ಕಳಿಗೆ ಅಕ್ಷರ ಕಲಿಸಲಿ. ಪ್ರತಿಯಾಗಿ ಆ ಮಕ್ಕಳಿಂದಲೇ ತೆಲುಗು ಓದಲು ಕಲಿಯಲಿ. ಎರಡು ತಲೆಮಾರು ಪರಸ್ಪರ ಗುರುಗಳಾಗುವುದಕ್ಕಿಂತ ದೊಡ್ಡ ಸಾಂಸ್ಕೃತಿಕ ಕಾರ್ಯಕ್ರಮ ಯಾವುದು? ರಾಜ್ಯೋತ್ಸವದ ಊಟದಲ್ಲಿ ಹೋಳಿಗೆ ಒಂದಿರಲಿ, ಅದರ ಪಕ್ಕದಲ್ಲಿ ರೊಟ್ಟಿ, ಪುಂಡಿಪಲ್ಯ, ಕೋಸಂಬರಿಗಳು ಧಾರಾಳವಾಗಿರಲಿ. ರೊಟ್ಟಿಯನ್ನು ಕೊಡಂಗಲ್ಲಿನ ಆ ತಾಯಿಯಂಥವರಿಂದಲೇ ತರಿಸಲಿ. ಇವಾವುದಕ್ಕೂ ಅನುದಾನದ ಅರ್ಜಿ ಬರೆಯಬೇಕಿಲ್ಲ, ಮಂತ್ರಿಗಳ ದಿನಾಂಕ ಕಾಯಬೇಕಿಲ್ಲ.

ಇದೆಲ್ಲ ಸಣ್ಣ ಕೆಲಸವೆಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಸಣ್ಣದಾದುದರಿಂದಲೇ ಇದನ್ನು ನಾಳೆಯೂ ಮಾಡಬಹುದು, ನಾಡಿದ್ದೂ ಮಾಡಬಹುದು. ನಮ್ಮ ಪೀಳಿಗೆ ಈ ಊರಿಗೆ ಬಂದಾಗ ಕನ್ನಡವನ್ನೂ ಊಟದ ಹದವನ್ನೂ ಯಾರೂ ನಮಗೆ ಸಮಾರಂಭದಲ್ಲಿ ಒಪ್ಪಿಸಿರಲಿಲ್ಲ. ಅಡಿಗೆಮನೆಯಲ್ಲಿ, ಜಗಲಿಯ ಮೇಲೆ, ಹೊಲದ ಹಾದಿಯಲ್ಲಿ ಅವು ನಮಗೆ ದಿನವೂ ಇಷ್ಟಿಷ್ಟಾಗಿ ದೊರೆತಿದ್ದವು. ನಮ್ಮ ಮೊಮ್ಮಕ್ಕಳಿಗೂ ಅವು ಹಾಗೆಯೇ ದೊರೆಯಬೇಕು, ಬೇರೆ ದಾರಿಯಿಲ್ಲ. ಮುಂದಿನ ಸಂಚಿಕೆ ಓದುಗರ ಕೈ ಸೇರುವುದರೊಳಗೆ ಮೂರು ತಿಂಗಳಿವೆ. ಎಷ್ಟು ಮನೆಗಳಲ್ಲಿ ಓದಿನ ಕೂಟ ಕೂಡಿತು, ಯಾವ ಪುಸ್ತಕವನ್ನು ಓದಿದಿರಿ ಎಂದು ನಾಲ್ಕು ಸಾಲು ಬರೆದು ತಿಳಿಸಿದರೆ ಅದನ್ನು ಪ್ರಕಟಿಸಲು ನಮಗೆ ಸಂತೋಷ.